ಷರಾ

ಅಂಗನವಾಡಿಯ ಯಾವ ರಿಜಿಸ್ಟರು ತೆಗೆದರೂ ಬಲತುದಿಯಲ್ಲಿ ಒಂದು ಕಾಲಂ ಇರುತ್ತದೆ: ಷರಾ. ಹಾಜರಿ ಪುಸ್ತಕ, ಆಹಾರ ದಾಸ್ತಾನಿನ ಪುಸ್ತಕ, ಮಕ್ಕಳ ತೂಕದ ಪುಸ್ತಕ, ಎಲ್ಲದರಲ್ಲೂ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಅಮ್ಮ ಬಿಡುತ್ತಿರಲಿಲ್ಲ. 'ಮಗುವಿಗೆ ಜ್ವರ', 'ತಾಯಿ ಜೊತೆ ಜಾತ್ರೆಗೆ ಹೋಗಿದೆ', 'ಬೇಳೆಗೆ ಹುಳ ಬಿದ್ದಿತ್ತು, ಮೇಲ್ವಿಚಾರಕಿಗೆ ತೋರಿಸಿದ್ದೇನೆ' ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದಳು. "ನಾಳೆ ಯಾರಾದ್ರೂ ಬಂದು ಯಾಕೆ ಅಂತ ಕೇಳಿದ್ರೆ ಪುಸ್ತಕನೇ ಉತ್ತರ ಹೇಳ್ಬೇಕು. ನಾನು ಇರ್ತೀನೋ ಇಲ್ವೋ" ಎನ್ನುವುದು ಅವಳ ವಾದ.

ಆ ಅಮ್ಮನ ಮಗಳಾದ ನಾನು ಈಗ ಮತದಾರರ ಪಟ್ಟಿಯ ಮೇಲ್ವಿಚಾರಣೆಯ ಕುರಿತು ಪಿಎಚ್‌ಡಿ ಮಾಡುತ್ತಿದ್ದೇನೆ. ಕಳೆದ ವರ್ಷ ವಿಭಾಗದ ಸೆಮಿನಾರಿನಲ್ಲಿ ನನ್ನ ವಿಷಯ ಮಂಡಿಸಿದಾಗ ಹಿರಿಯ ಪ್ರಾಧ್ಯಾಪಕರೊಬ್ಬರು ಕನ್ನಡಕ ತೆಗೆದು ಕೇಳಿದರು: "ಚುನಾವಣೆಗೆ ಆಡಿಟ್ ಅಂದರೆ ಏನಮ್ಮ? ದುಡ್ಡಿಗೆ ಆಡಿಟ್ ಇರುತ್ತೆ. ವೋಟಿಗೆ ಎಣಿಕೆ ಇರುತ್ತೆ. ನಿಂದು ಎರಡರಲ್ಲಿ ಯಾವುದು?" ಸಭೆ ನಕ್ಕಿತು. ನಾನು ಸಂವಿಧಾನದ 324ನೇ ವಿಧಿ, 1950ರ ಜನಪ್ರತಿನಿಧಿ ಕಾಯ್ದೆ ಎಂದು ಏನೇನೋ ಹೇಳಿ ಕೂತೆ. ಹಾಸ್ಟೆಲಿಗೆ ನಡೆದು ಬರುವಾಗ ಅನ್ನಿಸಿತು, ನನ್ನ ಉತ್ತರವನ್ನು 2018ರ ಮೇ 12ರ ಬೆಳಿಗ್ಗೆಯಿಂದ ಶುರು ಮಾಡಬೇಕಿತ್ತು.

ಅವತ್ತು ವಿಧಾನಸಭಾ ಚುನಾವಣೆ. ತುಮಕೂರು ಜಿಲ್ಲೆಯ ನಮ್ಮ ಊರಿನಲ್ಲಿ ಮತಗಟ್ಟೆ ಇರುವುದು ಪ್ರಾಥಮಿಕ ಶಾಲೆಯಲ್ಲಿ. ಅಮ್ಮ ಆ ಮತಗಟ್ಟೆಯ ಬಿಎಲ್‌ಒ. ಅಂದರೆ ವರ್ಷವಿಡೀ ಮನೆಮನೆ ಸುತ್ತಿ, ಹೊಸಬರನ್ನು ಸೇರಿಸಿ, ಸತ್ತವರನ್ನೂ ಊರು ಬಿಟ್ಟವರನ್ನೂ ಗುರುತಿಸಿ, ಪಟ್ಟಿಯನ್ನು ಸರಿಯಾಗಿ ಇಡಬೇಕಾದವಳು. ಮತದಾನದ ದಿನ ಶಾಲೆಯ ಅಂಗಳದ ಹೊಂಗೆ ಮರದಡಿ ಮೇಜು ಹಾಕಿಕೊಂಡು, ಬಂದವರಿಗೆ ಅವರ ಕ್ರಮಸಂಖ್ಯೆ ಹುಡುಕಿ ಕೊಡುತ್ತಿದ್ದಳು. ನಾನಾಗ ಡಿಗ್ರಿ ಓದುತ್ತಿದ್ದೆ. ನನ್ನ ಮೊದಲ ವೋಟು ಹಾಕಿ, ಬೆರಳಿನ ಮಸಿಯ ಫೋಟೊ ಸ್ಟೇಟಸ್ಸಿಗೆ ಏರಿಸಿ, ಅಮ್ಮನಿಗೆ ತಿಂಡಿ ತಂದಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಮೇಲಿನಕೇರಿ ಅಜ್ಜಿ ಬಂದರು. ಊರಿನ ಅರ್ಧ ಮಕ್ಕಳಿಗೆ ಎಣ್ಣೆನೀರು ಹಾಕಿದ ಕೈ ಅವರದು. ಮಡಿ ಸೀರೆ ಉಟ್ಟು, ಎಲೆಯಡಿಕೆ ಸಂಚಿಯೊಳಗಿನಿಂದ ವೋಟರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಅಮ್ಮ ಅಕಾರಾದಿಯಲ್ಲಿ ನೋಡಿದಳು. ಮನೆ ನಂಬರಿನಲ್ಲಿ ನೋಡಿದಳು. ಆಮೇಲೆ ಪಟ್ಟಿಯ ಹಿಂಬದಿಗೆ ತಿರುಗಿಸಿದಳು. ಅಲ್ಲಿ, ತೆಗೆದುಹಾಕಿದ ಹೆಸರುಗಳ ನಡುವೆ ಅಜ್ಜಿ ಇದ್ದರು. ಕಾರಣಕ್ಕೆ ಇದ್ದದ್ದು ಒಂದೇ ಇಂಗ್ಲಿಷ್ ಅಕ್ಷರ: ಎಸ್. ಶಿಫ್ಟೆಡ್, ಸ್ಥಳಾಂತರ.

ಅಮ್ಮನ ಮುಖ ಬಿಳಿಚಿಕೊಂಡಿತು. ಆ ಅಕ್ಷರ ಅವಳದೇ ಕೆಲಸ.

ಹಿಂದಿನ ಚಳಿಗಾಲದಲ್ಲಿ ಪಟ್ಟಿಯ ಪರಿಷ್ಕರಣೆ ನಡೆದಿತ್ತು. ಮೀಟಿಂಗಿಗೆ ಹೋದಾಗಲೆಲ್ಲ ಮೇಲಿನವರ ಪ್ರಶ್ನೆ ಒಂದೇ: "ನಿಮ್ಮ ಭಾಗದಲ್ಲಿ ಡಿಲೀಷನ್ ಯಾಕೆ ಇಷ್ಟು ಕಡಿಮೆ? ಊರಲ್ಲಿ ಯಾರೂ ಸಾಯೋದೇ ಇಲ್ವಾ?" ಅಮ್ಮ ಅಜ್ಜಿಯ ಮನೆಗೆ ಮೂರು ಸಲ ಹೋಗಿದ್ದಳು. ಮೂರು ಸಲವೂ ಬೀಗ. ಪಕ್ಕದ ಮನೆಯವರು, "ಬೆಂಗಳೂರಿಗೆ ಮಗಳ ಮನೆಗೆ ಹೋದ್ರು, ಇನ್ನೇನು ಅಲ್ಲೇ ಇರ್ತಾರೆ ಬಿಡಿ" ಎಂದರು. ನಮೂನೆ 7 ಭರ್ತಿಯಾಯಿತು. ನೋಟಿಸು ಹೊರಟಿತು, ಬೀಗ ಹಾಕಿದ ಬಾಗಿಲಿಗೇ ಹೋಯಿತು. ಯಾರೂ ಆಕ್ಷೇಪಿಸಲಿಲ್ಲ. ಮೇಲ್ವಿಚಾರಕರು ಸಹಿ ಹಾಕಿದರು, ಅವರ ಮೇಲಿನವರು ಹಾಕಿದರು. ಹೆಸರು ಹೋಯಿತು.

ಅಜ್ಜಿ ಹೋಗಿದ್ದದ್ದು ಮೊಮ್ಮಗಳ ಬಾಣಂತನಕ್ಕೆ.

"ಎಲ್ಲಿಗೋದೆ ನಾನು? ಬಾಣಂತಿ ಆರೈಕೆ ಮಾಡಿ ಬರಕ್ಕೋಗಿದ್ದೆ ಕಣವ್ವ. ಈ ಮಗೀಗೆ ನೀರಾಕ್ದೋಳು ನಾನು," ಎಂದು ನನ್ನ ಕಡೆ ಕೈ ತೋರಿಸಿದರು. "ನಿಂಗೂ ಗೊತ್ತಿರ್ಲಿಲ್ವ?"

ಬೈದಿದ್ದರೆ ಅಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ. ಅಜ್ಜಿ ಕೇಳಿದ್ದು ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ. ಪ್ರಿಸೈಡಿಂಗ್ ಆಫೀಸರ್ ಹೊರಗೆ ಬಂದು ಸಮಾಧಾನ ಹೇಳಿದರು: "ಕಾರ್ಡ್ ಇದ್ದರೆ ಸಾಲದು ಅಜ್ಜಿ, ಲಿಸ್ಟಲ್ಲಿ ಹೆಸರಿರಬೇಕು." ಅವರು ಹೇಳಿದ್ದು ಸರಿಯೇ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಯಾರನ್ನೂ ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಅಜ್ಜಿ ಕಾರ್ಡನ್ನು ಸಂಚಿಗೆ ಹಾಕಿಕೊಂಡು, ಬರಿಯ ಬೆರಳನ್ನು ಒಮ್ಮೆ ನೋಡಿಕೊಂಡು ಹೋದರು.

ಎರಡು ವರ್ಷದ ನಂತರ ಎಂ.ಎ. ತರಗತಿಯಲ್ಲಿ ಕಾಯ್ದೆ ಓದುವಾಗ ಆ ಬೆಳಿಗ್ಗೆ ಮತ್ತೆ ಎದುರಾಯಿತು. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಮಿನಲ್ಲಿ ಒಂದು ಸಣ್ಣ ಉಪಕಲಮಿದೆ. ತಾತ್ಕಾಲಿಕವಾಗಿ ಊರಿನಲ್ಲಿ ಇಲ್ಲದ ಮಾತ್ರಕ್ಕೆ ಒಬ್ಬ ವ್ಯಕ್ತಿ ಅಲ್ಲಿನ ಸಾಮಾನ್ಯ ನಿವಾಸಿ ಆಗಿರುವುದು ತಪ್ಪುವುದಿಲ್ಲ ಎನ್ನುತ್ತದೆ ಅದು. 22ನೇ ಕಲಮು, ಊರು ಬಿಟ್ಟಿದ್ದಾರೆ ಎಂಬ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಅವರ ಮಾತು ಹೇಳಿಕೊಳ್ಳಲು ತಕ್ಕ ಅವಕಾಶ ಕೊಡಬೇಕು ಎನ್ನುತ್ತದೆ. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಮ್ಮೆ ಪಟ್ಟಿ ಸೇರಿದ ಹೆಸರು ಸರಿಯಾದ ವಿಚಾರಣೆಯ ನಂತರವೇ ಸೇರಿದೆ ಎಂದು ಭಾವಿಸಿಕೊಂಡು, ಅದನ್ನು ತೆಗೆಯುವವರು ಜಾಗ್ರತೆಯಿಂದ ನಡೆದುಕೊಳ್ಳಬೇಕು ಎಂದಿತು.

ಅವತ್ತು ರಾತ್ರಿ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಅಂದ್ರೆ ಅಜ್ಜಿ ಹೇಳಿದ್ದೇ ಕಾನೂನಾ?"

ಹೌದು, ಅಜ್ಜಿ ಹೇಳಿದ್ದೇ ಕಾನೂನು. ಆದರೂ ಆ ಕಡತವನ್ನು ಯಾರಾದರೂ ತರಿಸಿ ನೋಡಿದ್ದರೆ ಒಂದು ತಪ್ಪೂ ಸಿಗುತ್ತಿರಲಿಲ್ಲ. ಭೇಟಿಯ ದಿನಾಂಕಗಳಿದ್ದವು, ನಮೂನೆ ಇತ್ತು, ನೋಟಿಸಿನ ಪ್ರತಿ ಇತ್ತು, ಸಹಿಗಳಿದ್ದವು. ಕಾಗದವೆಲ್ಲ ಸರಿ ಇದ್ದು ಕೆಲಸ ಮಾತ್ರ ತಪ್ಪಾಗಿರುವುದು ಹೇಗೆ ಎಂಬ ಈ ಪ್ರಶ್ನೆಯೇ ನನ್ನನ್ನು ಸಂಶೋಧನೆಗೆ ಎಳೆದದ್ದು.

ಪ್ರಾಧ್ಯಾಪಕರು ಹೇಳಿದಂತೆ ದುಡ್ಡಿಗೆ ಆಡಿಟ್ ಇದೆ. ವಿಧಾನಸಭಾ ಚುನಾವಣೆಯ ಖರ್ಚು ರಾಜ್ಯ ಸರ್ಕಾರದ್ದು, ಲೋಕಸಭೆಯದು ಕೇಂದ್ರದ್ದು, ಎರಡೂ ಒಟ್ಟಿಗೆ ನಡೆದರೆ ಸಮಪಾಲು. ಸರ್ಕಾರದ ಖಜಾನೆಯಿಂದ ಹೋದ ಹಣವನ್ನು ಮಹಾಲೇಖಪಾಲರು ನೋಡುತ್ತಾರೆ. ಶಾಮಿಯಾನದ ಬಾಡಿಗೆ, ಜೀಪಿನ ಡೀಸೆಲ್ಲು, ಸಿಬ್ಬಂದಿಯ ಭತ್ಯೆಗೆಲ್ಲ ರಸೀದಿ ಬೇಕು.

ಯಂತ್ರಕ್ಕೂ ಕಾವಲಿದೆ. ಮತದಾನ ಶುರುವಾಗುವ ಮೊದಲು ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ, ಎಣಿಸಿ, ಅಳಿಸಿ ತೋರಿಸಬೇಕು. ಸಂಜೆ ಎಷ್ಟು ಮತ ಬಿದ್ದವೆಂದು ನಮೂನೆ 17ಸಿಯಲ್ಲಿ ಬರೆದು ಪ್ರತಿ ಏಜೆಂಟರಿಗೂ ಒಂದು ನಕಲು ಕೊಡಬೇಕು. ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಯಂತ್ರದ ಲೆಕ್ಕಕ್ಕೆ ತಾಳೆ ನೋಡಬೇಕು. ಮೊದಲು ಒಂದೇ ಮತಗಟ್ಟೆ ಇತ್ತು, 2019ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಐದು ಮಾಡಿತು. ಐದು ಸಾಕೇ ಎಂಬ ಜಗಳ 2024ರಲ್ಲಿ ಮತ್ತೆ ಅದೇ ಕೋರ್ಟಿಗೆ ಹೋಯಿತು. ಎಲ್ಲ ಚೀಟಿ ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟು ಒಪ್ಪಲಿಲ್ಲ. ಸೋತವರಲ್ಲಿ ಮೊದಲ ಇಬ್ಬರು ಕೇಳಿದರೆ ಶೇ 5ರಷ್ಟು ಯಂತ್ರಗಳನ್ನು ತಪಾಸಣೆ ಮಾಡಿಸಲು ದಾರಿ ಮಾಡಿಕೊಟ್ಟಿತು. ನಮ್ಮ ಸಂಶಯವೆಲ್ಲ ಆ ಯಂತ್ರದ ಸುತ್ತಲೇ ಗಿರಕಿ ಹೊಡೆಯುತ್ತದೆ. ಅಲ್ಲಿ ತಪ್ಪಾದರೆ ಕೇಳಲು ಅಭ್ಯರ್ಥಿ ಇದ್ದಾನೆ, ಏಜೆಂಟನಿದ್ದಾನೆ, ವಕೀಲನಿದ್ದಾನೆ.

ಪಟ್ಟಿಯಿಂದ ಹೊರಗೆ ಬಿದ್ದವರ ಪಾಡು ಬೇರೆ. ಅವರು ಯಾವ ಎಣಿಕೆಯಲ್ಲೂ ಕಾಣುವುದಿಲ್ಲ. ಬಿದ್ದ ಮತಕ್ಕೂ ಎಣಿಸಿದ ಮತಕ್ಕೂ ತಾಳೆಯಾದರೆ ಲೆಕ್ಕ ಮುಗಿಯಿತು. ಅಜ್ಜಿಯ ಮತ ಎರಡೂ ಕಡೆ ಇರಲಿಲ್ಲವಾದ್ದರಿಂದ ನಮ್ಮ ಮತಗಟ್ಟೆಯ ಲೆಕ್ಕ ಅವತ್ತು ಸರಿಯಾಗಿಯೇ ಇತ್ತು. ವಿಪರ್ಯಾಸವೆಂದರೆ, ಅಮ್ಮ ಅಜ್ಜಿಯನ್ನು ಗೈರುಹಾಜರಿ, ಸ್ಥಳಾಂತರ, ಮರಣದ ಎಎಸ್‌ಡಿ ಪಟ್ಟಿಯಲ್ಲಿ ಬರೆದು ಹೆಸರನ್ನು ಮುಖ್ಯ ಪಟ್ಟಿಯಲ್ಲೇ ಉಳಿಸಿದ್ದರೆ, ಪ್ರಿಸೈಡಿಂಗ್ ಆಫೀಸರ್ ಹೆಚ್ಚಿನ ಪರಿಶೀಲನೆ ಮಾಡಿ ಅವರಿಗೆ ಮತ ಹಾಕಲು ಬಿಡಬಹುದಿತ್ತು. ಸಂಶಯದಲ್ಲಿ ಇಡುವುದಕ್ಕೂ ಅಳಿಸುವುದಕ್ಕೂ ಇಷ್ಟು ವ್ಯತ್ಯಾಸ.

ಹಾಗಾದರೆ ಪಟ್ಟಿಯನ್ನು ನೋಡಿಕೊಳ್ಳುವವರು ಯಾರಿಗೆ ಉತ್ತರಿಸಬೇಕು? ಅಮ್ಮನಿಗೆ ಗೌರವಧನ ಬರುವುದು ಸರ್ಕಾರದ ಇಲಾಖೆಯಿಂದ. ಪಟ್ಟಿಯ ಕೆಲಸ ಮಾಡುವಷ್ಟು ಕಾಲ ಸಿಬ್ಬಂದಿಯೆಲ್ಲ ಆಯೋಗದ ನಿಯೋಜನೆಯಲ್ಲಿ ಇದ್ದಂತೆ ಎನ್ನುತ್ತದೆ ಕಾಯ್ದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯೂ ಹಾಗೆಯೇ. ರಾಜ್ಯ ಸರ್ಕಾರದ ಅಧಿಕಾರಿ, ಆದರೆ ಹೆಸರಿಸುವುದು ಮತ್ತು ನಡೆಸುವುದು ಆಯೋಗ. ಚುನಾವಣೆ ಆಳುವವರ ಕೈಗೆ ಸಿಗಬಾರದೆಂದು ಮಾಡಿದ ಏರ್ಪಾಡಿದು, ಒಳ್ಳೆಯದೇ. ಆದರೆ ಇಬ್ಬರು ಯಜಮಾನರ ನಡುವೆ ಕೆಳಗಿನವರ ಕಷ್ಟ ಯಾರ ಕಿವಿಗೂ ಬೀಳುವುದಿಲ್ಲ. ಪಟ್ಟಿಯ ಕೆಲಸದಲ್ಲಿ ಕರ್ತವ್ಯಲೋಪವಾದರೆ ಮೂರು ತಿಂಗಳಿಂದ ಎರಡು ವರ್ಷದ ತನಕ ಸೆರೆವಾಸವಿದೆ. ಆ ಕೆಲಸಕ್ಕೆ ಆಯೋಗ ನಿಗದಿ ಮಾಡಿದ್ದ ವಾರ್ಷಿಕ ಗೌರವಧನ 6,000 ರೂಪಾಯಿ. 2025ರ ಆಗಸ್ಟಿನಲ್ಲಷ್ಟೇ ಅದು 12,000 ಆಯಿತು.

ಹೀಗಿದ್ದೂ ಪಟ್ಟಿಯನ್ನು ಕಾಯುವವರು ಈ ಕೆಳಗಿನವರೇ ಎಂಬುದು ನನಗೆ ಖಚಿತವಾದದ್ದು ಆಳಂದದಿಂದ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆ ಕ್ಷೇತ್ರದಲ್ಲಿ ಹೆಸರು ತೆಗೆಯಿರಿ ಎಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಉಳಿದ 5,994 ತಪ್ಪು ಅರ್ಜಿಗಳೆಂದು ತಿರಸ್ಕಾರವಾದವು. 2023ರ ಫೆಬ್ರುವರಿಯಲ್ಲಿ ಅಲ್ಲಿನ ನೋಂದಣಾಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. 2025ರ ಸೆಪ್ಟೆಂಬರಿನಲ್ಲಿ ವಿಷಯ ದೇಶದ ರಾಜಕೀಯದ ದೊಡ್ಡ ಜಗಳವಾಯಿತು, ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಯಾರು ಮಾಡಿದರು, ಯಾರಿಗಾಗಿ ಮಾಡಿದರು ಎಂಬುದು ತನಿಖೆಯ ಮಾತು. ನನ್ನ ಕಣ್ಣು ನೆಟ್ಟದ್ದು ಇನ್ನೊಂದು ವಿವರದ ಮೇಲೆ. ವರದಿಗಳ ಪ್ರಕಾರ ಇದು ಮೊದಲು ಬಯಲಾದದ್ದು ಒಬ್ಬ ಬಿಎಲ್‌ಒ ಮೂಲಕ. ತೆಗೆಯಬೇಕಾದ ಹೆಸರುಗಳಲ್ಲಿ ತಮ್ಮದೇ ಸಂಬಂಧಿಕರೊಬ್ಬರ ಹೆಸರು ಅವರಿಗೆ ಕಂಡಿತು. ಅರ್ಜಿ ಹಾಕಿದವರೆಂದು ಇದ್ದದ್ದು ನೆರೆಯವರ ಹೆಸರು. ಹೋಗಿ ಕೇಳಿದರೆ ಅವರಿಗೆ ಏನೂ ಗೊತ್ತಿಲ್ಲ.

ತಂತ್ರಾಂಶಕ್ಕೆ ಆ ಅರ್ಜಿ ಒಂದು ಅರ್ಜಿ. ಮೊಬೈಲ್ ನಂಬರು, ಎಪಿಕ್ ಸಂಖ್ಯೆ ಎಲ್ಲ ಹೊಂದಿದರೆ ಆಯಿತು. ಅದು ಸುಳ್ಳೆಂದು ಗೊತ್ತಾಗಲು ಆ ಮನೆಯವರನ್ನು ಬಲ್ಲವರು ಒಬ್ಬರು ಬೇಕಾಯಿತು. ಓದುವಾಗ ನನಗೆ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ನಮ್ಮಮ್ಮನೂ ಅಜ್ಜಿಯನ್ನು ಬಲ್ಲವಳೇ. ಬಲ್ಲವಳಾಗಿಯೂ ಪಕ್ಕದ ಮನೆಯ ಮಾತಿಗೆ ಸಹಿ ಹಾಕಿದ್ದಳು. ಅಲ್ಲಿ ಅರ್ಜಿಯನ್ನು ಅನುಮಾನಿಸಿ ಹೋಗಿ ಕೇಳಿದರು. ಇಲ್ಲಿ ಯಾರೂ ಅಜ್ಜಿಯನ್ನೇ ಕೇಳಲಿಲ್ಲ.

ಬಿಹಾರದಲ್ಲಿ 2025ರಲ್ಲಿ ಮತದಾರರ ಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆ ನಡೆಯಿತು. ಆಗಸ್ಟ್ 1ರಂದು ಪ್ರಕಟವಾದ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂದು ಒಟ್ಟು ಲೆಕ್ಕ ಹೇಳಿದರೇ ಹೊರತು ಯಾರು ಯಾವ ಕಾರಣಕ್ಕೆ ಎಂಬುದು ಎಲ್ಲರಿಗೂ ಕಾಣುವಂತಿರಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಒಂದು ಮಧ್ಯಂತರ ಆದೇಶ ಕೊಟ್ಟಿತು: ಬಿಟ್ಟುಹೋದ ಹೆಸರುಗಳನ್ನೂ ಪ್ರತಿಯೊಂದಕ್ಕೂ ಕಾರಣವನ್ನೂ ಪ್ರಕಟಿಸಿ, ಎಪಿಕ್ ಸಂಖ್ಯೆ ಹಾಕಿದರೆ ಸಿಗುವಂತಿರಲಿ. ಹಾಸ್ಟೆಲಿನಲ್ಲಿ ಆ ಸುದ್ದಿ ಓದಿ ನಾನು ಒಬ್ಬಳೇ ನಕ್ಕೆ. ದೇಶದ ಅತಿ ದೊಡ್ಡ ನ್ಯಾಯಾಲಯ ಹೇಳಿದ್ದು ಅಮ್ಮ ಅಂಗನವಾಡಿಯಲ್ಲಿ ಮಾಡುತ್ತಿದ್ದದ್ದನ್ನೇ. ಷರಾ ಕಾಲಂ ಖಾಲಿ ಬಿಡಬೇಡಿ, ಅದನ್ನು ಜನರ ಕಣ್ಣಿಗೆ ಬೀಳುವಂತೆ ಇಡಿ.

ಕಾರಣ ಪ್ರಕಟಿಸಿದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ, ನಿಜ. ಆದರೆ ಜಗಳಕ್ಕೆ ನಿಲ್ಲಲು ಒಂದು ಜಾಗ ಸಿಗುತ್ತದೆ. 'ನೀವು ಸತ್ತಿದ್ದೀರಿ' ಎಂದು ಬರೆದಿದ್ದರೆ ಬದುಕಿದ್ದೇನೆಂದು ಎದುರು ನಿಂತು ಹೇಳಬಹುದು. ಏನೂ ಬರೆಯದಿದ್ದರೆ ಯಾವುದನ್ನು ಅಲ್ಲವೆನ್ನುವುದು?

ನಮ್ಮ ಮೊದಲ ಚುನಾವಣೆಯ ಕಡತಗಳಲ್ಲೂ ಇಂಥದೊಂದು ಷರಾ ಇದೆ. 1951-52ರ ಚುನಾವಣೆಗೆ ಪಟ್ಟಿ ತಯಾರಿಸುವಾಗ ಉತ್ತರದ ಕೆಲವು ರಾಜ್ಯಗಳಲ್ಲಿ ಅನೇಕ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಹಾಗೆ ಬರೆದದ್ದು ನಡೆಯುವುದಿಲ್ಲ, ಸ್ವಂತ ಹೆಸರೇ ಬೇಕು ಎಂದು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹತ್ತಿರಹತ್ತಿರ 28 ಲಕ್ಷ ಮಂದಿ ಪಟ್ಟಿಯಿಂದ ಹೊರಗೆ ಉಳಿದರು. ಆ ನಿರ್ಧಾರ ಸರಿಯೋ ತಪ್ಪೋ ಎಂದು ಇವತ್ತಿಗೂ ವಾದಿಸಬಹುದು. ಹಾಗೆ ವಾದಿಸಲು ಆಗುತ್ತಿರುವುದೇ ಆಯೋಗ ತನ್ನ ವರದಿಯಲ್ಲಿ ಆ ಸಂಖ್ಯೆಯನ್ನು ತಾನೇ ಬರೆದು ಪ್ರಕಟಿಸಿದ್ದರಿಂದ. ಇಷ್ಟು ಜನರನ್ನು ಸೇರಿಸಲಾಗಲಿಲ್ಲ, ಕಾರಣ ಇದು ಎಂದು ಒಂದು ಹೊಸ ಸಂಸ್ಥೆ ತನ್ನ ಮೊದಲ ದೊಡ್ಡ ಗೆಲುವಿನ ವರದಿಯಲ್ಲೇ ಹೇಳಿಕೊಂಡಿತ್ತು.

ಪ್ರಾಧ್ಯಾಪಕರ ಪ್ರಶ್ನೆಗೆ ನನ್ನ ಉತ್ತರ ಈಗ ಇಷ್ಟು. ಹೆಸರು ತೆಗೆಯುವುದು ಅಪರಾಧವಲ್ಲ. ಸತ್ತವರ ಹೆಸರಿದ್ದರೆ ಕಳ್ಳಮತಕ್ಕೆ ದಾರಿ, ತೆಗೆಯಲೇಬೇಕು. ಆದರೆ ತೆಗೆದ ಪ್ರತಿ ಹೆಸರಿನ ಎದುರು ಯಾರು ಹೇಳಿದರು, ಯಾರು ಹೋಗಿ ನೋಡಿದರು, ಏನು ಕಂಡರು ಎಂಬುದು ಇರಬೇಕು. ಅದನ್ನು ಕಚೇರಿಗೆ ಸೇರದ ಇನ್ನೊಬ್ಬರು ಬಂದು, ಒಂದಷ್ಟು ಹೆಸರನ್ನು ಆರಿಸಿಕೊಂಡು, ಅದೇ ಬಾಗಿಲಿಗೆ ಮತ್ತೆ ಹೋಗಿ ತಾಳೆ ನೋಡಬೇಕು. ಐದು ಮತಗಟ್ಟೆಯ ಚೀಟಿ ಎಣಿಸುವ ಹಾಗೆ ಐದು ಮತಗಟ್ಟೆಯ ಡಿಲೀಷನ್ನುಗಳನ್ನು ಏಕೆ ಎಣಿಸಬಾರದು? ಮೇಲಿನ ಕಚೇರಿ ಕೆಳಗಿನ ಕಚೇರಿಯ ಸಹಿಯನ್ನು ನೋಡುವುದು ಒಂದು ತಪಾಸಣೆ. ಅಜ್ಜಿಯ ಮಗಳಿಗೆ ಒಂದು ಫೋನ್ ಮಾಡುವುದು ಇನ್ನೊಂದು.

ಅಮ್ಮ ಆ ಎರಡನೆಯದನ್ನು ತಾನಾಗಿಯೇ ಶುರು ಮಾಡಿದಳು. 2018ರ ಮೇ ತಿಂಗಳ ಕೊನೆಗೆ ಸಂತೆಯಿಂದ ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು, ಸ್ಕೇಲಿಟ್ಟು ಗೀಟು ಎಳೆದು, ಇಲಾಖೆ ಕೇಳದ ಒಂದು ರಿಜಿಸ್ಟರು ಮಾಡಿಕೊಂಡಳು. ಬೀಗ ಹಾಕಿದ ಮನೆಗಳದ್ದು. ಮನೆ ನಂಬರು, ಹೋದ ದಿನ, ಹೋದ ಹೊತ್ತು, ಊರಿಗೆ ಹೋದವರ ಫೋನು, ಹಬ್ಬಕ್ಕೆ ಬರುತ್ತಾರೋ ಇಲ್ಲವೋ, ಷರಾ. ಆ ರಿಜಿಸ್ಟರಿಗೆ ಗೌರವಧನವಿಲ್ಲ. ಅದನ್ನು ಪರಿಶೀಲಿಸಲು ಯಾರೂ ಬಂದಿಲ್ಲ. ಮೀಟಿಂಗಿನಲ್ಲಿ ಡಿಲೀಷನ್ ಕಡಿಮೆ ಎಂದು ಬೈಸಿಕೊಂಡು ಬಂದ ದಿನ ಅವಳು ಅದನ್ನು ತೆಗೆದು ಓದುತ್ತಾ ಕೂರುವುದನ್ನು ನೋಡಿದ್ದೇನೆ.

ಅಜ್ಜಿಯನ್ನು ನಮೂನೆ 6ರಲ್ಲಿ ಮತ್ತೆ ಸೇರಿಸಿದಳು. ತಾನೇ ಭರ್ತಿ ಮಾಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಳು. 2019ರ ಏಪ್ರಿಲ್ 18ರಂದು ಲೋಕಸಭೆಗೆ ಅಜ್ಜಿ ಮತ ಹಾಕಿದರು. ಮೈಸೂರಿನಲ್ಲಿ ತಯಾರಾಗುವ ಆ ಶಾಯಿಯ ಗೆರೆಯನ್ನು ಹೊಂಗೆ ಮರದ ಕೆಳಗೆ ಬಂದು ಅಮ್ಮನಿಗೆ ತೋರಿಸಿ, "ಇವಾಗ ಇದೀನಾ?" ಎಂದು ಕೇಳಿ ನಕ್ಕರು. ಅದೇ ಅವರ ಕೊನೆಯ ವಿಧಾನಸಭೆ, ಲೋಕಸಭೆಯ ಮತ. 2021ರ ಬೇಸಿಗೆಯಲ್ಲಿ ತೀರಿಕೊಂಡರು.

ಆ ಹೆಸರನ್ನು ಎರಡನೆಯ ಸಲ ತೆಗೆಯುವ ಕೆಲಸವೂ ಅಮ್ಮನದೇ ಆಯಿತು. ಮಣ್ಣಿಗೆ ಹೋಗಿಬಂದಿದ್ದವಳು, ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೂ ಮರಣ ಪ್ರಮಾಣಪತ್ರ ಬರುವವರೆಗೆ ನಮೂನೆ ಮುಟ್ಟಲಿಲ್ಲ. ಪತ್ರ ಬಂದ ದಿನ ಬೆಂಗಳೂರಿಗೆ ಫೋನ್ ಮಾಡಿ, "ಅಮ್ಮನ ಹೆಸರು ತೆಗೀತಾ ಇದೀನಿ ಕಣಮ್ಮ, ಹೇಳೋಣ ಅಂತ ಮಾಡ್ದೆ" ಎಂದಳು. ಆ ಕಡೆಯಿಂದ ಅಳು ಕೇಳಿಸಿತು, ಈ ಕಡೆಯೂ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಪ್ರಬಂಧದ ಒಂದು ಅಧ್ಯಾಯಕ್ಕೆಂದು ಆ ನೋಟ್‌ಬುಕ್ಕನ್ನು ಕೇಳಿ ಪಡೆದೆ. ಮೊದಲ ಪುಟದ ಮೊದಲ ಸಾಲಿನಲ್ಲೇ ಅಜ್ಜಿಯ ಮನೆ ನಂಬರಿದೆ. 2017ರಲ್ಲಿ ಹೋದ ಮೂರು ದಿನಗಳಿವೆ. ಮೂರೂ ಸಲ ಹೋದದ್ದು ಮಧ್ಯಾಹ್ನ, ಅಂಗನವಾಡಿ ಮುಗಿದ ಮೇಲೆ. ಷರಾ ಕಾಲಮಿನಲ್ಲಿ, ಅದೇ ಇರುವೆ ಸಾಲಿನ ಅಕ್ಷರದಲ್ಲಿ, ಹೀಗಿದೆ: 'ಬಾಣಂತನಕ್ಕೆ ಹೋಗಿದ್ದರು. ನಾನು ಕೇಳಲಿಲ್ಲ.'